ಬಾಗಿಲು ಕೊಳ್ಳಹೋದ ಪ್ರವಾಸ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯ ಎರಡನೆಯ ಅರ್ಧವನ್ನು ನಾವು ತಂಗಿಯ ಮದುವೆಯಲ್ಲಿಯೇ ಅನುಭವಿಸಿದ್ದೆವು. ಮೊದಲನೆಯ ಅರ್ಧವು ಕಳೆದ ಚಳಿಗಾಲದಲ್ಲಿ ನಮ್ಮ ಪಾಲಿಗೆ ಬಂದಿತು. ಬಾಗಲಕೋಟೆಯ ನವನಗರದಲ್ಲಿ ನಮ್ಮ ನಿವೇಶನದ ಬುನಾದಿಯ ಕೆಲಸವು ಮುಗಿದು, ತಲಬಾಗಿಲ ಚೌಕಟ್ಟನ್ನು ನಿಲ್ಲಿಸುವ ಮುಹೂರ್ತವು ಹತ್ತಿರವಾಗಿದ್ದಿತು. ಚೌಕಟ್ಟು ನಿಲ್ಲದ ಹೊರತು ಗೋಡೆಗಳು ಏಳುವಂತಿಲ್ಲ. ಆದರೆ ನಿಲ್ಲಿಸತಕ್ಕ ಚೌಕಟ್ಟು ಯಾವುದು ಎಂಬುದೇ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿರಲಿಲ್ಲ.

ನಾವು ವಾಸಿಸುತ್ತಿದ್ದ ಬಾಡಿಗೆಯ ಮನೆಯ ಹಿತ್ತಲಿನಲ್ಲಿ, ತಗಡಿನ ಚಪ್ಪರದ ಕೆಳಗೆ, ಹಳೆಯ ಬಾಗಲಕೋಟೆಯ ನಮ್ಮ ಹಿರಿಯರ ಮನೆಯ ಸಾಗವಾನಿ ಚೌಕಟ್ಟು ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲ ಗೋಡೆಗೆ ಒರಗಿ ನಿಂತಿದ್ದಿತು. ಅದರ ಮೇಲ್ಪಟ್ಟಿಯ ನಡುವೆ ಗಜಲಕ್ಷ್ಮಿ, ಎರಡು ಕಡೆಗಳಲ್ಲಿ ಎರಡು ಗಿಳಿಗಳು, ಕೆಳಗೆ ಸುತ್ತಲೂ ಬಳ್ಳಿಯ ಕೆತ್ತನೆ. ಎತ್ತರವು ಐದೂವರೆ ಅಡಿ ಮಾತ್ರ. ಗುತ್ತಿಗೆದಾರರು ಅದನ್ನು ನೋಡಿ, ಈ ಕಾಲದ ಮನೆಗೆ ಏಳು ಅಡಿಯ ಬಾಗಿಲು ಬೇಕು, ಇದರ ಕಾಲುಗಳೂ ಲಡ್ಡಾಗಿವೆ, ಹಳೆಯ ಸಾಮಾನಿನವರಿಗೆ ಕೊಟ್ಟುಬಿಡಿರಿ ಎಂದರು. ನಮಗೂ ಅದು ಸರಿಯೆಂದೇ ತೋರಿತು. ನಮ್ಮ ತಾಯಿಯವರನ್ನು ಕೇಳಿದರೆ, “ನಿಮಗ ಹ್ಯಾಂಗ ತಿಳೀತೈತಿ ಹಂಗ ಮಾಡ್ರೆಪ್ಪಾ” ಎಂದಷ್ಟೇ ಹೇಳಿದರು. ಹಾಗೆ ಹೇಳಿದವರು ಅಂದಿನ ಸಂಜೆ ಹಿತ್ತಲಿಗೆ ಹೋಗಿ ಒದ್ದೆಯ ಬಟ್ಟೆಯಿಂದ ಆ ಗಿಳಿಗಳ ಧೂಳನ್ನು ಒರಸುತ್ತಿದ್ದುದನ್ನು ನಮ್ಮ ಮನೆಯವರು ನೋಡಿ ನಮಗೆ ತಿಳಿಸಿದರು. ಎಪ್ಪತ್ತೆಂಟು ವರ್ಷದ ಆ ಜೀವಕ್ಕೆ ತಾನು ಸೊಸೆಯಾಗಿ ದಾಟಿ ಬಂದ ಬಾಗಿಲು ಅದು.

ಅಷ್ಟರಲ್ಲಿ ಬನಶಂಕರಿಯ ಜಾತ್ರೆಯು ಬಂದಿತು. ನಮ್ಮ ಸೀಮೆಯಲ್ಲಿ ಹೊಸ ಮನೆಯ ಬಾಗಿಲು ಬೇಕೆಂದವರು ಬನಶಂಕರಿಯ ಜಾತ್ರೆಗೆ ಹೋಗುವುದು ರೂಢಿ. ಹೊಸ ಚೌಕಟ್ಟನ್ನು ಅಲ್ಲಿಯೇ ಗೊತ್ತುಮಾಡಿ, ಐಹೊಳೆ, ಹುನಗುಂದಗಳ ಮೇಲಿಂದ ಇಳಕಲ್ಲಿಗೆ ಹೋಗಿ, ಅಲ್ಲಿರುವ ಚಿಕ್ಕಮ್ಮನವರನ್ನು ಕಂಡು ಬರುವುದೆಂದು ನಿಶ್ಚಯಿಸಿದೆವು. ತಾಯಿಯವರು, ನಮ್ಮ ಮನೆಯವರು, ಹತ್ತು ವರ್ಷದ ಮಗಳು, ನಾವು, ಹೀಗೆ ನಾಲ್ವರು ಹೊರಟೆವು. ಹೊರಡುವ ಮೊದಲು ಮನೆಯವರು ಏಕೋ ಏನೋ ಆ ಹಳೆಯ ಚೌಕಟ್ಟಿನ ನಾಲ್ಕಾರು ಚಿತ್ರಗಳನ್ನು ತಮ್ಮ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರು.

ಮೊದಲು ಹಳೆಯ ಊರಿನ ದಂಡೆಯನ್ನು ಮಗಳಿಗೆ ತೋರಿಸಬೇಕಾಗಿದ್ದಿತು. ಕೃಷ್ಣೆಗೆ ಅಡ್ಡಲಾಗಿ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟಿಗೆ 1964ನೆಯ ಇಸವಿಯಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟರು. ಅದರ ಹಿನ್ನೀರು ಘಟಪ್ರಭೆಯ ಪಾತ್ರವನ್ನು ಹಿಡಿದು ಬಾಗಲಕೋಟೆಯ ತಗ್ಗಿನ ಓಣಿಗಳಿಗೆ ಬಂದಿತು. ಸ್ಥಳಾಂತರವಾಗುವವರಿಗಾಗಿ ನವನಗರವನ್ನು ಕಟ್ಟಲಾಯಿತು. ಅದರ ಯೋಜನೆಯಲ್ಲಿ ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈ ಇದ್ದಿತು. ಊರೆಲ್ಲ ನೀರಿನ ಪಾಲಾಗಲಿಲ್ಲ; ಎತ್ತರದ ಪೇಟೆಗಳಲ್ಲಿ ಇಂದಿಗೂ ಜನರು ವಾಸಿಸುತ್ತಾರೆ. ನಮ್ಮ ಓಣಿಯು ಮಾತ್ರ ಮುಳುಗಡೆಯ ಪಟ್ಟಿಗೆ ಸೇರಿದ್ದಿತು.

ನಮ್ಮದು ಎಂಟು ಅಂಕಣದ ಮಾಳಿಗೆಯ ಮನೆ. ಮೊಳಗಟ್ಟಲೆ ದಪ್ಪದ ಕಲ್ಲುಮಣ್ಣಿನ ಗೋಡೆ. ಒಳಗೆ ಕಲ್ಲಿನ ಪೀಠದ ಮೇಲೆ ನಿಂತ ಮರದ ಕಂಬಗಳು. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿಗಳ ಸಾಲು. ಜಂತಿಯ ಮೇಲೆ ಹಲಗೆ, ಸೊಪ್ಪು, ಅದರ ಮೇಲೆ ಗೇಣುಗಟ್ಟಲೆ ಸವಳು ಮಣ್ಣಿನ ಮೇಲ್ಮುದ್ದೆ. ನಡುವೆ ಒಂದು ಬೆಳಕಿಂಡಿ. ಹೊರಗೆ ಬಿಸಿಲು ಬೆಂಕಿಯಂತಿದ್ದರೂ ಪಡಸಾಲೆಯಲ್ಲಿ ತಂಪು ಇರುತ್ತಿದ್ದಿತು.

ಈ ಮನೆಯನ್ನು ಬಿಚ್ಚಿದ ದಿನಗಳು ನಮಗೆ ಚೆನ್ನಾಗಿ ನೆನಪಿವೆ. ಬಿಚ್ಚಿದೆವು ಎಂಬ ಮಾತನ್ನು ತಿಳಿದೇ ಬರೆಯುತ್ತಿದ್ದೇವೆ. ಏಕೆಂದರೆ ಸಿಮೆಂಟಿನ ಮನೆಯನ್ನು ಒಡೆಯಬೇಕಾಗುತ್ತದೆ, ಮರದ ಮನೆಯನ್ನು ಬಿಚ್ಚಬಹುದು. ನಮ್ಮ ತೊಲೆಕಂಬಗಳಲ್ಲಿ ಮೊಳೆಗಳೇ ಇರಲಿಲ್ಲವೆನ್ನಬಹುದು. ಒಂದರ ತುದಿಯನ್ನು ಕಡೆದು ಇನ್ನೊಂದರ ರಂಧ್ರದಲ್ಲಿ ಕೂಡಿಸಿ, ಮರದ ಬೆಣೆಯನ್ನು ಬಡಿದು ಬಿಗಿಮಾಡಿದ್ದರು. ಬಡಿಗನು ಬಂದು ಬೆಣೆಗಳನ್ನು ಹೊಡೆದುಹಾಕಿದೊಡನೆ ನಮ್ಮ ಮುತ್ತಜ್ಜನವರು ಕಟ್ಟಿಸಿದ ಮನೆಯು ಬಿಡಿಬಿಡಿಯಾಗಿ, ಕೆಡದೆ, ಕೆಳಗಿಳಿಯಿತು. ಮಣ್ಣು ಅಲ್ಲಿಯೇ ಮಣ್ಣಾಯಿತು. ಕಲ್ಲು ಅಲ್ಲಿಯೇ ಉಳಿಯಿತು. ಮರವು ಮಾತ್ರ ನಮ್ಮೊಡನೆ ಬಂದಿತು. ಆ ಕಾಲದಲ್ಲಿ ಬಾಗಲಕೋಟೆಯ ಎಷ್ಟೋ ಮನೆಗಳ ತೊಲೆ, ಕಂಬ, ಬಾಗಿಲುಗಳು ಹೀಗೆಯೇ ಗಾಡಿಗಳನ್ನೇರಿ ಹೋದವು. ಕೆಲವು ಹೊಸ ಮನೆಗಳಿಗೆ, ಕೆಲವು ಅಂಗಡಿಗಳಿಗೆ, ಕೆಲವು ದೂರದ ಶಹರಗಳ ಸಿರಿವಂತರ ಅಂಗಳಗಳಿಗೆ. ನಮ್ಮ ತೊಲೆಕಂಬಗಳನ್ನು ತಂದೆಯವರು ಸಾಲ ತೀರಿಸಲು ಮಾರಿದರು. ಚೌಕಟ್ಟನ್ನು ಮಾತ್ರ ಮಾರಲಿಲ್ಲ.

ಬಾದಾಮಿಯಲ್ಲಿ ಬಸ್ಸಿನಿಂದಿಳಿದು, ಬಿಸಿಲೇರುವ ಮೊದಲೇ ಮೇಣಬಸದಿಗಳನ್ನು ಹತ್ತಿದೆವು. ಮೂರನೆಯ ಗುಹೆಯು ನಾಲ್ಕರಲ್ಲಿ ದೊಡ್ಡದು. ಚಾಲುಕ್ಯ ಮಂಗಲೇಶನು ಶಕವರ್ಷ 500ರಲ್ಲಿ, ಎಂದರೆ ಕ್ರಿ.ಶ. 578ರಲ್ಲಿ, ವಿಷ್ಣುವಿಗಾಗಿ ಮಾಡಿಸಿದ್ದೆಂದು ಅಲ್ಲಿಯ ಶಾಸನವು ಸಾರುತ್ತದೆ. ಇದಕ್ಕೂ ಮೊದಲು ನಾವು ಹಲವು ಸಲ ಅದನ್ನು ನೋಡಿದ್ದೆವು. ಆದರೆ ಬಾಗಿಲಿನ ಚಿಂತೆಯನ್ನು ತಲೆಯಲ್ಲಿಟ್ಟುಕೊಂಡು ನೋಡಿದುದು ಇದೇ ಮೊದಲು. ಮಗಳು ತಲೆಯೆತ್ತಿ ನೋಡಿ, “ಅಪ್ಪಾ, ಇಲ್ಲಿ ತೊಲಿ ಯಾಕ ಅದಾವು? ಇದು ಗುಡ್ಡಾನ ಅಲ್ಲೇನು?” ಎಂದು ಕೇಳಿದಳು. ಪ್ರಶ್ನೆಯು ಸರಿಯಾದುದೇ. ಗುಡ್ಡವನ್ನು ಕೊರೆದು ಮಾಡಿದ ಕೋಣೆಯಲ್ಲಿ ಛಾವಣಿಯು ಬೀಳುವ ಹಾಗಿಲ್ಲ, ಕೂಡಿಸುವ ಹಾಗೂ ಇಲ್ಲ. ಅಂತಹಲ್ಲಿ ತೊಲೆಗೇನು ಕೆಲಸ? ಆದರೂ ಶಿಲ್ಪಿಗಳು ಕಂಬಕ್ಕೆ ಬೋದಿಗೆಯನ್ನು ಕೊಟ್ಟು, ಕಂಬದಿಂದ ಕಂಬಕ್ಕೆ ತೊಲೆಯನ್ನು ಕಡೆದಿದ್ದಾರೆ. ಮುಂದೆ ಚಾಚಿದ ಸೂರಿನ ಒಳಮೈಯಲ್ಲಿ ಮರದ ಪಟ್ಟಿಗಳ ಸಾಲನ್ನೇ ಕಲ್ಲಿನಲ್ಲಿ ಮೂಡಿಸಿದ್ದಾರೆ. ಅವರ ಕಣ್ಣಿಗೆ ಮನೆಯೆಂದರೆ ಮರದ ಮನೆಯೇ ಆಗಿದ್ದಿತು. ಆ ಮರದ ಮನೆಗಳಲ್ಲಿ ಒಂದೂ ಇಂದು ಉಳಿದಿಲ್ಲ. ಅವುಗಳ ಅಚ್ಚು ಮಾತ್ರ ಕೆಂಗಲ್ಲಿನಲ್ಲಿ ಉಳಿದಿದೆ.

ಬಾದಾಮಿಯಿಂದ ಬನಶಂಕರಿಯು ಐದು ಕಿಲೋಮೀಟರು. ಬನದ ದೇವಿಯಾದುದರಿಂದ ಬನಶಂಕರಿ. ಕಾಯಿಪಲ್ಯೆಗಳಿಂದ ಜನರನ್ನು ಸಲಹಿದವಳೆಂದು ಶಾಕಂಬರಿ. ಪುಷ್ಯ ಮಾಸದ ಹುಣ್ಣಿಮೆಗೆ ರಥೋತ್ಸವ. ಆಮೇಲೂ ಹಲವು ವಾರಗಳವರೆಗೆ ಜಾತ್ರೆಯು ಕೂಡಿರುತ್ತದೆ. ನಾವು ಹೋದುದು ತೇರಿನ ಗದ್ದಲವು ಇಳಿದ ಮೇಲೆ. ಹರಿದ್ರಾತೀರ್ಥದ ದಂಡೆಯ ಮೇಲೆ ಕಾಲಿಟ್ಟು, ದೇವಿಯ ದರ್ಶನವನ್ನು ಮಾಡಿಕೊಂಡು, ನಾಟಕದ ಕಂಪನಿಗಳ ಡೇರೆಗಳನ್ನೂ ಬಳೆಯ ಅಂಗಡಿಗಳನ್ನೂ ದಾಟಿ ಬಾಗಿಲುಗಳ ಸಾಲಿಗೆ ಬಂದೆವು.

ಗೋಡೆಯಿಲ್ಲದ ಬಯಲಿನಲ್ಲಿ ಚೌಕಟ್ಟುಗಳು ಸಾಲಾಗಿ ನಿಂತಿರುವ ನೋಟವನ್ನು ಮೊದಲ ಸಲ ಕಂಡವರಿಗೆ ಸೋಜಿಗವೆನಿಸದೆ ಇರದು. ಮಗಳು ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಂದು ಆಡಹತ್ತಿದಳು. ಸಾಗವಾನಿ, ಬೇವು, ಜಾಲಿ ಮುಂತಾಗಿ ಬೇರೆ ಬೇರೆ ಮರ, ಬೇರೆ ಬೇರೆ ಬೆಲೆ. ನಾವು ಮೆಚ್ಚಿದ ಒಂದು ಬೇವಿನ ಚೌಕಟ್ಟನ್ನು ತಾಯಿಯವರು ಕೈಯಿಂದ ಸವರಿ, ಹಣೆಯನ್ನು ಹತ್ತಿರ ಒಯ್ದು ಮೂಸಿ ನೋಡಿ, “ತಮ್ಮಾ, ಇದು ಇನ್ನೂ ಹಸಿ ಐತಲ್ಲೋ” ಎಂದರು. ಮಾರುವ ತರುಣ ಬಡಿಗನು ನಕ್ಕುಬಿಟ್ಟನು.

“ಯವ್ವಾ, ಸುಳ್ಳ ಹೇಳೂದಿಲ್ಲ. ಇದು ಹೋದ ವರ್ಷ ಕಡದ ಗಿಡ. ಬ್ಯಾಸಗ್ಯಾಗ ಒಂದೀಟು ಕುಗ್ಗತೈತಿ, ಮಳಿಗಾಲದಾಗ ಒಂದೀಟು ಉಬ್ಬತೈತಿ. ಎರಡ ವರ್ಷ ಹಂಗ ಆಡಿ ಆಮ್ಯಾಲ ನಿಂದರತೈತಿ. ಅದಕ್ಕ ಕದದ ನಡುವ ಸಂದಿ ಬಿಟ್ಟೇನಿ ನೋಡ್ರಿ.”

ಅವನ ಮಾತು ನಿಜ. ಮರವು ಉದ್ದಕ್ಕೆ ಕುಗ್ಗುವುದು ತೀರ ಕಡಿಮೆ. ಅಡ್ಡಕ್ಕೆ ಕುಗ್ಗುವುದು ಹೆಚ್ಚು. ಒಣಗಿದ ಮರವು ಈ ಆಟವನ್ನೆಲ್ಲ ಆಡಿ ಮುಗಿಸಿರುತ್ತದೆ. ಆಗ ನಮ್ಮ ಮನೆಯವರು ಮೊಬೈಲನ್ನು ಹೊರತೆಗೆದು ಹಿತ್ತಲಿನ ಚೌಕಟ್ಟಿನ ಚಿತ್ರವನ್ನು ಅವನಿಗೆ ತೋರಿಸಿದರು. ಅವನು ಅದನ್ನು ಹಿಗ್ಗಿಸಿ ಗಿಳಿಗಳನ್ನೂ ಬಳ್ಳಿಯನ್ನೂ ಬಹಳ ಹೊತ್ತು ನೋಡಿ, ಇಂಥ ಮರವು ಈಗ ಸಿಕ್ಕುವುದು ಕಷ್ಟ, ಕಾಲು ಹೋಗಿದ್ದರೆ ಕಾಲನ್ನು ಕೂಡಿಸಬಹುದು, ತಮ್ಮ ಸೋದರಮಾವನು ಹುನಗುಂದದಲ್ಲಿ ಇಂಥ ಕೆಲಸವನ್ನೇ ಮಾಡುತ್ತಾನೆ ಎಂದು ವಿಳಾಸವನ್ನು ಹೇಳಿದನು. ತನ್ನ ವ್ಯಾಪಾರವು ಕೆಡುವುದನ್ನು ಲೆಕ್ಕಿಸದ ಆ ಹುಡುಗನಿಂದ ದೇವರ ಕೋಣೆಗೆಂದು ಒಂದು ಸಣ್ಣ ಬಾಗಿಲನ್ನು ಗೊತ್ತುಮಾಡಿ ಸಂಚಕಾರವನ್ನು ಕೊಟ್ಟೆವು. ತಲಬಾಗಿಲಿನ ಮಾತನ್ನು ಮುಂದಕ್ಕೆ ಹಾಕಿದೆವು.

ಮರುದಿನ ಪಟ್ಟದಕಲ್ಲಿನ ಮೇಲಿಂದ ಹುನಗುಂದ ತಾಲೂಕಿನ ಐಹೊಳೆಗೆ ಬಂದೆವು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕರ ಸಂಘದಿಂದ ಒಂದು ಕಾಲಕ್ಕೆ ದೇಶದೇಶಗಳಲ್ಲಿ ಹೆಸರಾಗಿದ್ದ ಊರು ಇದು. ಲಾಡಖಾನ ಗುಡಿಯ ಮಾಡನ್ನು ಮಗಳಿಗೆ ತೋರಿಸಬೇಕೆಂಬುದೇ ನಮ್ಮ ಉದ್ದೇಶವಾಗಿದ್ದಿತು. ಇಳಿಜಾರಾಗಿ ಹಾಸಿದ ಕಲ್ಲಿನ ಚಪ್ಪಡಿಗಳು. ಎರಡು ಚಪ್ಪಡಿಗಳು ಕೂಡುವ ಸಂದಿಯ ಮೇಲೆ, ಮಳೆಯ ನೀರು ಒಳಗಿಳಿಯದಂತೆ, ಉದ್ದನೆಯ ಕಲ್ಲಿನ ಪಟ್ಟಿಗಳು. ದೂರದಿಂದ ನೋಡಿದರೆ ಮರದ ದಿಮ್ಮಿಗಳನ್ನು ಒಂದರ ಪಕ್ಕದಲ್ಲಿ ಒಂದು ಒರಗಿಸಿದಂತೆಯೇ ತೋರುತ್ತದೆ. ಬಾದಾಮಿಯಲ್ಲಿ ಗುಡ್ಡದೊಳಗೆ ತೊಲೆಯನ್ನು ಕಡೆದವರ ಮಕ್ಕಳು ಮೊಮ್ಮಕ್ಕಳು ಇಲ್ಲಿ ಕಲ್ಲನ್ನೇ ದಿಮ್ಮಿಯಂತೆ ಜೋಡಿಸಿದರೆಂದು ಹೇಳಬಹುದು. ಕಲ್ಲು ತಮ್ಮ ಕೈಗೆ ಬಂದ ಮೇಲೆಯೂ ಅವರು ಬಡಿಗನಿಂದ ಕಲಿತುದನ್ನು ಬಿಡಲಿಲ್ಲ: ನೀರನ್ನು ಸಂದಿಯಿಂದ ದೂರವಿಡಬೇಕು.

ಈ ಒಂದು ಮಾತಿನ ಅರ್ಥವು ನಮಗೆ ಪೂರ್ತಿಯಾಗಿ ತಿಳಿದುದು ಅಂದಿನ ಮಧ್ಯಾಹ್ನ. ಅಮೀನಗಡದಲ್ಲಿ ಚಿಕ್ಕಮ್ಮನವರ ಮನೆಗೆಂದು ಕರದಂಟನ್ನು ಕಟ್ಟಿಸಿಕೊಂಡು ಹುನಗುಂದಕ್ಕೆ ಬಂದು, ವಿಳಾಸವನ್ನು ಹಿಡಿದು ಆ ಬಡಿಗರ ಕಮ್ಮಟಕ್ಕೆ ಹೋದೆವು. ಎಪ್ಪತ್ತರ ಸಮೀಪದ ಹಿರಿಯರು. ಬೇವಿನ ಗಿಡದ ನೆರಳಿನಲ್ಲಿ ಕುಳಿತು ಬಾಚಿಯಿಂದ ಒಂದು ತುಂಡನ್ನು ಕೆತ್ತುತ್ತಿದ್ದರು. ಚಿತ್ರಗಳನ್ನು ನೋಡಿ ಅವರು ಮೊದಲು ಕೇಳಿದ ಪ್ರಶ್ನೆಯಿದು: “ಇದು ಎಲ್ಲಿ ನಿಂತಿತ್ರಿ ಅಪ್ಪಾರ?”

ಹಿತ್ತಲಿನಲ್ಲಿ, ನೆಲದ ಮೇಲೆ, ಎಂದೆವು.

“ಬರೇ ಮಣ್ಣಿನ ಮ್ಯಾಲ?”

ಹೌದೆಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮರಕ್ಕ ರೋಗ ಇಲ್ರಿ, ಕಾಲಾಗ ಹುಣ್ಣು ಆಗೇತಿ ಅಷ್ಟ. ಮರ ನೀರ ಕುಡೀತೈತಿ, ಬಿಡತೈತಿ. ಬಿಡಾಕ ಗಾಳಿ ಬೇಕು. ಮಣ್ಣಾಗ ಇಟ್ರ ಬಿಡೂದು ಎಲ್ಲಿಂದ? ನಿಮ್ಮ ಮುತ್ಯಾ ಅದನ್ನ ಕಲ್ಲಿನ ಮ್ಯಾಲ ನಿಲ್ಲಿಸಿದ್ದ” ಎಂದರು.

ನಮಗೆ ನಾಚಿಕೆಯಾಯಿತು. ಹಳೆಯ ಮನೆಯಲ್ಲಿ ಎಷ್ಟೋ ಮಳೆಗಾಲಗಳನ್ನು ಕಂಡೂ ಕೆಡದ ಮರವನ್ನು, ಜಲಾಶಯವೂ ಮುಟ್ಟದಿದ್ದ ಮರವನ್ನು, ನಮ್ಮ ಅಲಕ್ಷ್ಯವು ಕೆಡಿಸಿದ್ದಿತು. ಹಿರಿಯರು ಹೇಳಿದುದನ್ನು ಶಾಸ್ತ್ರವೂ ಒಪ್ಪುತ್ತದೆ. ಮರದಲ್ಲಿಯ ತೇವವು ನೂರಕ್ಕೆ ಇಪ್ಪತ್ತರ ಕೆಳಗೆ ಇದ್ದರೆ ಅದನ್ನು ಲಡ್ಡುಮಾಡುವ ಬೂಷ್ಟು ಬೆಳೆಯಲಾರದು. ಗೆದ್ದಲು ಸಾಮಾನ್ಯವಾಗಿ ನೆಲದಿಂದಲೇ ಮಣ್ಣಿನ ದಾರಿಯನ್ನು ಕಟ್ಟಿಕೊಂಡು ಏರುವುದು. ಕಂಬದ ಕೆಳಗೆ ಕಲ್ಲಿದ್ದರೆ ಅದರ ದಾರಿಯು ಕಣ್ಣಿಗೆ ಬೀಳುತ್ತದೆ, ಗುಡಿಸಿಹಾಕಲು ಬರುತ್ತದೆ. ಮರವನ್ನು ಸಿಮೆಂಟಿನಲ್ಲಿ ಹುಗಿದು, ನಾಲ್ಕು ವರ್ಷಗಳಲ್ಲಿ ಕೆಟ್ಟಿತೆಂದು ಮರವನ್ನೇ ದೂರುವುದು ನ್ಯಾಯವಲ್ಲ.

ಮರದಿಂದ ಮನೆ ಕಟ್ಟಿದರೆ ಕಾಡು ಹಾಳಾಗುವುದಿಲ್ಲವೇ ಎಂದು ವಾಚಕರು ಕೇಳಬಹುದು. ನಾವೂ ಆ ದಿನ ಅದನ್ನೇ ಕೇಳಿದೆವು. ಕಾಡನ್ನು ಉಳಿಸಬೇಕೆಂಬ ವಿಚಾರದಿಂದಲೇ ಕೇಂದ್ರ ಲೋಕೋಪಯೋಗಿ ಇಲಾಖೆಯು 1993ರಲ್ಲಿ ತನ್ನ ಕಟ್ಟಡಗಳಲ್ಲಿ ಮರದ ಬಳಕೆಯನ್ನು ನಿಲ್ಲಿಸಿದ್ದಿತು. 2020ರಲ್ಲಿ ಆ ನಿಷೇಧವನ್ನು ತೆಗೆಯಲಾಯಿತು. ಈ ಎರಡು ನಿರ್ಣಯಗಳ ನಡುವೆ ಜಗತ್ತಿನ ತಿಳಿವಳಿಕೆಯು ಬದಲಾಗಿದ್ದಿತು. ಗಿಡವು ಬೆಳೆಯುವಾಗ ಗಾಳಿಯೊಳಗಿನ ಇಂಗಾಲಾಮ್ಲ ವಾಯುವನ್ನು ಹೀರಿಕೊಳ್ಳುತ್ತದೆ. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧವು ಇಂಗಾಲವೇ. ಅದು ತೊಲೆಯಾಗಿ, ಬಾಗಿಲಾಗಿ ಇರುವವರೆಗೆ ಆ ಇಂಗಾಲವು ಮನೆಯಲ್ಲಿ ಕುಳಿತಿರುತ್ತದೆ. ಸುಟ್ಟರೆ ಅಥವಾ ಕೊಳೆತರೆ ತಿರುಗಿ ಗಾಳಿಗೆ ಸೇರುತ್ತದೆ. ಸಿಮೆಂಟಿನ ಬಗೆ ಬೇರೆ. ಸುಣ್ಣದ ಕಲ್ಲನ್ನು ಮಹಾಜ್ವಾಲೆಯಲ್ಲಿ ಬೇಯಿಸಬೇಕು. ಉರುವಲಿನಿಂದಲೂ ವಾಯುವೇಳುತ್ತದೆ, ಕಲ್ಲಿನಿಂದಲೂ ಏಳುತ್ತದೆ. ಮನುಷ್ಯರು ಲೋಕದಲ್ಲೆಲ್ಲ ಹೊರಬಿಡುವ ಇಂಗಾಲಾಮ್ಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದೇ. ನಾರ್ವೆ ದೇಶದಲ್ಲಿ 2019ರಲ್ಲಿ ಹದಿನೆಂಟು ಅಂತಸ್ತುಗಳ, ಎಂಬತ್ತೈದು ಮೀಟರುಗಳಷ್ಟು ಎತ್ತರದ ಕಟ್ಟಡವೊಂದನ್ನು ಮುಖ್ಯವಾಗಿ ಮರದಿಂದಲೇ ಎಬ್ಬಿಸಿರುವುದಕ್ಕೆ ಈ ವಿಚಾರವೂ ಒಂದು ಕಾರಣ.

ಆದರೆ ಈ ಲೆಕ್ಕವು ಸರಿಹೋಗಬೇಕಾದರೆ ಕಡಿದಲ್ಲಿ ಮತ್ತೆ ಬೆಳೆಯಬೇಕು. ಕಡಿದುದು ಬಹುಕಾಲ ಬಾಳಬೇಕು. ಜಪಾನಿನ ಇಸೆ ಎಂಬ ಕ್ಷೇತ್ರದಲ್ಲಿ ಇಪ್ಪತ್ತು ವರ್ಷಗಳಿಗೊಮ್ಮೆ ದೇವಾಲಯವನ್ನು ಮರದಿಂದ ಹೊಸದಾಗಿ ಕಟ್ಟುವ ಪದ್ಧತಿಯುಂಟು. 2013ರಲ್ಲಿ ಹಾಗೆ ಕಟ್ಟಿದರು. ಬಿಚ್ಚಿದ ಹಳೆಯ ಮರವನ್ನು ಬೇರೆ ಗುಡಿಗಳ ದುರಸ್ತಿಗೆ ಕೊಡುತ್ತಾರೆ. ಮುಂದಿನ ತಲೆಮಾರುಗಳ ತೊಲೆಗಳಿಗಾಗಿ ಗಿಡಗಳನ್ನು ನೆಟ್ಟು ಕಾಯುತ್ತಾರೆ. ನಮ್ಮದು ಕಾಡಿಲ್ಲದ ಬಯಲುಸೀಮೆ. ಸಾಗವಾನಿಯು ಇಲ್ಲಿಯ ಸಹಜ ಮರವಲ್ಲ. ಹೊಲದ ಬದುವಿನ ಬೇವು, ಜಾಲಿಗಳೇ ನಮ್ಮ ಬಂಡವಾಳ. ಹುನಗುಂದದ ಹಿರಿಯರು ಇದನ್ನೇ ಚಿಕ್ಕದಾಗಿ ಹೇಳಿದರು: “ಇದ್ದದ್ದನ್ನ ಮೊದಲ ಬಳಸ್ರಿ. ಸಾಲದಿದ್ರ ಬದುವಿಂದು ಕಡೀರಿ. ಕಡದ ವರ್ಷಾನ ಎರಡ ಹಚ್ರಿ.”

ಸಂಜೆಗೆ ಇಳಕಲ್ಲನ್ನು ಮುಟ್ಟಿದೆವು. ಈ ಊರಿನ ಕೆಂಪು ಗ್ರಾನೈಟ್ ಕಲ್ಲು ದೇಶಾಂತರಗಳಿಗೆ ಹೋಗುತ್ತದೆ. ಸೀರೆಯ ಕೀರ್ತಿಯಂತೂ ಹೇಳತಕ್ಕದ್ದಲ್ಲ. ಚಿಕ್ಕಮ್ಮನವರ ಮನೆಯ ಪಡಸಾಲೆಯಲ್ಲಿ ಕುಣಿಮಗ್ಗವುಂಟು. ಅವರ ಮಾವನವರ ಕಾಲದ ಮಗ್ಗವದು. ಅದರ ಚೌಕಟ್ಟೂ, ನೆಯ್ದ ಸೀರೆಯನ್ನು ಸುತ್ತುವ ದಿಂಡೂ ಮರದವೇ. ಲಕ್ಷಾಂತರ ಸಲ ಕೈಯೂ ನೂಲೂ ಮುಟ್ಟಿದುದರಿಂದ ಗಾಜಿನಂತೆ ನುಣುಪಾಗಿವೆ. ಒಂದು ಕಾಲು ಸವೆದಾಗ ಆ ಕಾಲನ್ನಷ್ಟೇ ಬದಲಿಸಿದರು, ಮಗ್ಗವನ್ನು ಬಿಸಾಡಲಿಲ್ಲ. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ರೇಶ್ಮೆಯ ಹಾಸನ್ನೂ ಎಳೆಗೆ ಎಳೆ ಕೊಂಡಿಹಾಕಿ ಕೂಡಿಸುತ್ತಾರೆ. ಚಿಕ್ಕಮ್ಮನವರು ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಆ ಕೊಂಡಿಯನ್ನು ತೋರಿಸುತ್ತಿದ್ದಾಗ, ಚೌಕಟ್ಟಿಗೆ ಹೊಸ ಕಾಲನ್ನು ಕೂಡಿಸುವುದು ಇದಕ್ಕಿಂತ ಕಷ್ಟದ ಕೆಲಸವಾಗಲಾರದೆಂದು ನಮಗೆ ತೋರಿತು.

ರಾತ್ರಿ ಊಟವಾದ ಮೇಲೆ ಅಕ್ಕತಂಗಿಯರು ಕಟ್ಟೆಯ ಮೇಲೆ ಕುಳಿತು ಮಾತನಾಡುತ್ತಿದ್ದರು. ನಮ್ಮ ತಾಯಿಯವರ ದನಿಯು ಕೇಳಿಸಿತು: “ಆ ಮನೀ ಹೋತು, ನೀರಾಗ. ಅವರೂ ಹೋದ್ರು. ಬಾಗಲಾ ಒಂದ ಉಳದೈತಿ. ಹುಡುಗರಿಗೆ ಭಾರ ಆಗಬಾರದಂತ ಸುಮ್ಮನದೇನಿ.” ಚಿಕ್ಕಮ್ಮನವರು ಏನೆಂದರೋ ಕೇಳಲಿಲ್ಲ. ನಾವೂ ಮನೆಯವರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಬೆಳಗಾಗುತ್ತಲೆ ಹುನಗುಂದದ ಹಿರಿಯರಿಗೆ ಫೋನುಮಾಡಿ, ಬರಬೇಕೆಂದು ಬಿನ್ನವಿಸಿಕೊಂಡೆವು.

ಎಲ್ಲವೂ ಸುಲಭವಾಗಿ ಕೂಡಿಬಂದಿತೆಂದು ಬರೆದರೆ ಸುಳ್ಳಾದೀತು. ಎರಡು ಕದಗಳಲ್ಲಿ ಒಂದು ಪೂರ್ತಿಯಾಗಿ ಕೆಟ್ಟಿದ್ದಿತು. ಮರದ ಹೊಸ್ತಿಲು ಮುಟ್ಟಿದರೆ ಪುಡಿಯಾಗುತ್ತಿದ್ದಿತು. ದುರಸ್ತಿಯ ವೆಚ್ಚವು ಜಾತ್ರೆಯ ಹೊಸ ಬೇವಿನ ಚೌಕಟ್ಟಿನ ಬೆಲೆಗಿಂತ ಹೆಚ್ಚೇ ಆಯಿತು. ಗುತ್ತಿಗೆದಾರರು ನಕ್ಷೆಯನ್ನು ತಿದ್ದಬೇಕಾಯಿತೆಂದು ಎರಡು ದಿನ ಮುನಿಸಿಕೊಂಡಿದ್ದರು. ಹಿರಿಯರು ಕೆಟ್ಟ ಕಾಲುಗಳನ್ನು ಒಂಬತ್ತು ಅಂಗುಲ ಕೊಯ್ದುಹಾಕಿ, ಒಣಗಿದ ಹಳೆಯ ಸಾಗವಾನಿಯ ತುಂಡುಗಳನ್ನು ಓರೆಯಾಗಿ ಕಡೆದು, ಒಂದರೊಳಗೊಂದನ್ನು ಕೂಡಿಸಿ ಬೆಣೆಯನ್ನು ಬಡಿದರು. ಹೊಸ ಕಾಲುಗಳನ್ನು ಉದ್ದವಾಗಿ ಇಟ್ಟುದರಿಂದ ಎತ್ತರವು ಆರು ಅಡಿಯನ್ನು ಮುಟ್ಟಿತು. ಹೊಸ್ತಿಲಿಗೆ ಇಳಕಲ್ಲಿನ ಕೆಂಪು ಕಲ್ಲು ಬಂದಿತು. ಚೌಕಟ್ಟು ಈಗ ಅದರ ಮೇಲೆ ನಿಂತಿದೆ, ಮಣ್ಣನ್ನು ಮುಟ್ಟುವುದಿಲ್ಲ. ಮೇಲೆ ಬೆಳಕಿಗೆಂದು ಒಂದು ಜಾಲರಿಯನ್ನು ಹಾಕಿಸಿದೆವು.

ವಾಚಕರ ಮನೆಯ ಅಟ್ಟದಲ್ಲಿಯೋ ಹಿತ್ತಲಿನಲ್ಲಿಯೋ ಹಿರಿಯರ ಕಾಲದ ತೊಲೆ, ಕಂಬ, ಕದಗಳಿದ್ದರೆ, ಮೊದಲು ಅವುಗಳ ಕೆಳಗೆ ಎರಡು ಕಲ್ಲುಗಳನ್ನಿಡಿರೆಂದೂ, ಮಾರುವ ಮುಂಚೆ ಒಬ್ಬ ಒಳ್ಳೆಯ ಬಡಿಗನಿಗೆ ತೋರಿಸಿರೆಂದೂ ವಿನಂತಿಸುತ್ತೇವೆ. ನಾವು ಇದನ್ನು ಇಪ್ಪತ್ತು ವರ್ಷ ತಡವಾಗಿ ತಿಳಿದೆವು.

ಮುಹೂರ್ತದ ದಿನ ತಾಯಿಯವರು ಕೆಂಪು ಹೊಸ್ತಿಲಿಗೆ ಅರಿಷಿಣ ಕುಂಕುಮಗಳನ್ನು ಹಚ್ಚಿ, ಚೌಕಟ್ಟಿನ ಎರಡು ಕಾಲುಗಳನ್ನೂ ಮುಟ್ಟಿ ನೋಡಿದರು. ಹಳೆಯ ಮರವು ಕಪ್ಪಾಗಿ, ಕೂಡಿಸಿದ ಮರವು ಸ್ವಲ್ಪ ತಿಳಿಯಾಗಿ ಕಾಣುತ್ತದೆ. ಬಣ್ಣ ಬಳಿದು ಮರೆಮಾಡೋಣವೇ ಎಂದು ಕೇಳಿದೆವು. “ಬ್ಯಾಡಪ್ಪಾ, ಕಾಣಲಿ” ಎಂದರು. ಮನೆಯ ಮುಂದೆ ಮಗಳು ಎರಡು ಬೇವಿನ ಸಸಿಗಳನ್ನು ನೆಟ್ಟಿದ್ದಾಳೆ. ಒಂದನ್ನು ಆಡು ತಿಂದಿತು. ಅದರ ತಾಣದಲ್ಲಿ ಇನ್ನೊಂದನ್ನು ನೆಟ್ಟು, ಸುತ್ತಲೂ ಮುಳ್ಳಿನ ಬೇಲಿಯನ್ನು ಕಟ್ಟಿದ್ದೇವೆ.